ಕಾಫಿ ಲಿಕ್ಯೂರ್: ಸಿಂಕಿಗೆ ಸುರಿದು ಕಲಿತದ್ದು

ಹೋದ ವಾರ ಒಂದು ಸಣ್ಣ ಪಂದ್ಯ ಗೆದ್ದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹದಿನಾಲ್ಕು ತಿಂಗಳ ಹಿಂದೆ ಮನೆಯಲ್ಲೇ ಮಾಡಿ ತುಂಬಿಟ್ಟ ಕಾಫಿ ಲಿಕ್ಯೂರ್, ಅಂದರೆ ಕಾಫಿ, ಸಕ್ಕರೆ ಬೆರೆಸಿದ ಸಿಹಿ ಮದ್ಯ, ಒಂದು ಲೋಟದಲ್ಲಿ, ಎರಡು ವಾರದ ಹಿಂದಷ್ಟೇ ಮಾಡಿದ್ದು ಇನ್ನೊಂದರಲ್ಲಿ. ಯಾವುದು ಯಾವುದೆಂದು ಹೇಳದೆ ಗೆಳೆಯನ ಮುಂದಿಟ್ಟೆ. ಬಾರ್ ಕೌಂಟರಿನ ಹಿಂದೆ ಹತ್ತಿರಹತ್ತಿರ ಇಪ್ಪತ್ತು ವರ್ಷ ನಿಂತ ಮನುಷ್ಯ ಅವನು. "ಮನೇಲಿ ಮಾಡಿದ್ದು ಮೂರು ತಿಂಗಳ ಮೇಲೆ ಬಾಳಲ್ಲ ಕಣಯ್ಯಾ, ಸುಮ್ನೆ ದುಡ್ಡು ಹಾಳು" ಎಂದು ನನ್ನ ಪುಟ್ಟ ಶೀಷೆಗಳ ಸಾಲು ನೋಡಿ ನಗುತ್ತಿದ್ದವನೂ ಅವನೇ. ಮೂರು ಸಲ ಮೂಸಿದ, ಎರಡು ಸಲ ಗುಟುಕರಿಸಿದ, ಹಳೆಯದಕ್ಕೆ ಬೆರಳು ತೋರಿಸಿ "ಇದು ಹೊಸದು" ಎಂದ. ಶೀಷೆಗೆ ಅಂಟಿಸಿದ್ದ ತಾರೀಕಿನ ಚೀಟಿ ತೋರಿಸಿದೆ. ಆಮೇಲೆ ತುಂಬ ಹೊತ್ತು ಅವನು ಬೇರೆ ವಿಷಯ ಮಾತಾಡಿದ.

ಮಾಡುವ ವಿಧಾನ ಬರೆಯುವುದಿಲ್ಲ, ನಿಮ್ಮೆಲ್ಲರಿಗೂ ಗೊತ್ತಿರುವುದೇ. ನನ್ನ ಅಳತೆ ಮಾತ್ರ ಹೇಳುತ್ತೇನೆ: ಒಂದು ಲೀಟರ್ ಲಿಕ್ಯೂರಿಗೆ ಶೇ 40ರ ವೋಡ್ಕಾ ಸುಮಾರು 550 ಮಿ.ಲೀ., ಮಿಕ್ಕಿದ್ದು ಗಟ್ಟಿ ಡಿಕಾಕ್ಷನ್ ಮತ್ತು ಸಕ್ಕರೆ. ಸಕ್ಕರೆ ಮುನ್ನೂರು ಗ್ರಾಂ ಆಸುಪಾಸು. ಲೆಕ್ಕಕ್ಕೆ ಶೇ 22 ಆಲ್ಕೋಹಾಲ್ ಬರುತ್ತದೆ. ಆಲ್ಕೋಹಾಲ್ ಮೀಟರ್, ಅಂದರೆ ದ್ರವದಲ್ಲಿ ತೇಲಿಬಿಟ್ಟು ಅಳೆಯುವ ಗಾಜಿನ ಕೊಳವೆ, ಹಾಕಿ ಅಳೆಯಲು ಹೋಗಬೇಡಿ. ಸಕ್ಕರೆ ಇರುವ ದ್ರವದಲ್ಲಿ ಅದು ತೇಲುವುದೇ ಬೇರೆ ರೀತಿ, ತೋರಿಸುವುದೆಲ್ಲ ಸುಳ್ಳು. ನಾನು ಒಂದು ಕೊಂಡು, ಅದು ಸೊನ್ನೆಗಿಂತ ಕೆಳಗೆ ತೋರಿಸಿದ್ದನ್ನು ಕಂಡು, ಕೆಟ್ಟ ಮಾಲು ಕೊಟ್ಟಿದ್ದಾರೆಂದು ವಾಪಸ್ ಮಾಡಲು ಹೊರಟಿದ್ದೆ. ಸದ್ಯ, ಹೋಗಲಿಲ್ಲ. ಹೋಗಿದ್ದರೆ ಅಂಗಡಿಯವರ ಮುಂದೆ ಮಾನ ಹೋಗುತ್ತಿತ್ತು.

ಮೊದಲ ನಷ್ಟ ಜಿಪುಣತನದಿಂದಲೇ ಬಂತು. ಖರ್ಚಿನಲ್ಲಿ ಸಿಂಹಪಾಲು ವೋಡ್ಕಾದ್ದು. ಅದನ್ನು ಇಳಿಸೋಣ, ಸಕ್ಕರೆ ಇದೆಯಲ್ಲ, ಅದೇ ಕಾಪಾಡುತ್ತದೆ ಎಂದುಕೊಂಡು ಲೀಟರಿಗೆ 300 ಮಿ.ಲೀ. ಮಾತ್ರ ಹಾಕಿದೆ. ಶೇ 12 ಆಯಿತು. ಸಕ್ಕರೆ ತಿಂದು ಹುದುಗು ಎಬ್ಬಿಸುವ ಯೀಸ್ಟ್‌ಗೆ ಅದು ಹಬ್ಬದೂಟ. ವೈನ್ ಮಾಡುವ ಯೀಸ್ಟ್ ಶೇ 14, 15ರವರೆಗೆ ಆರಾಮಾಗಿ ಬದುಕುತ್ತದೆ, ಇನ್ನು ಶೇ 12 ಯಾವ ಲೆಕ್ಕ? ಮುನ್ನೂರು ಗ್ರಾಂ ಸಕ್ಕರೆಯೂ ಕಾಯುವಷ್ಟು ಗಟ್ಟಿಯಲ್ಲ. ಸಕ್ಕರೆಯೊಂದೇ ಕಾಪಾಡಬೇಕೆಂದರೆ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಅದೇ ಇರಬೇಕು, ಅದು ಪಾಕವಾಗುತ್ತದೆಯೇ ಹೊರತು ಕುಡಿಯುವ ವಸ್ತುವಾಗುವುದಿಲ್ಲ. ಮೂರನೇ ವಾರ ಮುಚ್ಚಳ ತಿರುಗಿಸಿದಾಗ ಸೋಡಾ ಬಾಟಲಿಯಂತೆ ಬುಸ್ ಎಂದಿತು. ಕತ್ತಿನ ಸುತ್ತ ಸಣ್ಣ ಗುಳ್ಳೆಗಳ ಉಂಗುರ, ಬ್ರೆಡ್ ಹಿಟ್ಟಿನ ವಾಸನೆ. ಮೂರು ಲೀಟರ್ ಸಿಂಕಿಗೆ ಹೋಯಿತು. ಉಳಿಸಿದ ದುಡ್ಡಿಗಿಂತ ಹೆಚ್ಚು ಕಳೆದೆ ಅಂತ ಆವತ್ತು ಲೆಕ್ಕ ಹಾಕಿದ ನೆನಪು. ಯುರೋಪಿನ ನಿಯಮದಲ್ಲಿ ಲಿಕ್ಯೂರ್ ಅನ್ನಿಸಿಕೊಳ್ಳಲು ಕನಿಷ್ಠ ಶೇ 15 ಆಲ್ಕೋಹಾಲ್, ಲೀಟರಿಗೆ ಕನಿಷ್ಠ 100 ಗ್ರಾಂ ಸಕ್ಕರೆ ಬೇಕು. ಕಾರ್ಖಾನೆಯ ಕಾಫಿ ಲಿಕ್ಯೂರ್ ಕಹ್ಲೂವಾ ಬಹುಕಾಲ ಶೇ 20 ಇದ್ದದ್ದು ಈಗ ಅನೇಕ ಕಡೆ ಶೇ 16. ಕಾರ್ಖಾನೆಯ ಶುಚಿತ್ವ ಇದ್ದವರಿಗೆ ಅದು ಸರಿ. ಅಡುಗೆಮನೆಯ ಆಲಿಕೆ, ಅಡುಗೆಮನೆಯ ಬಟ್ಟೆ ಇಟ್ಟುಕೊಂಡವರು ಇಪ್ಪತ್ತರ ಕೆಳಗೆ ಇಳಿಯಬಾರದು. ಇದು ನನ್ನ ಹಟ.

ಎರಡನೆಯ ಸೋಲು ಇದಕ್ಕಿಂತ ಮೋಸದ್ದು, ಏಕೆಂದರೆ ಏನೂ ಕೆಟ್ಟಂತೆ ಕಾಣಲಿಲ್ಲ. ಶೇ 22ರ ಸರಿಯಾದ ಮಾಲು, ಎರಡು ಲೀಟರಿನ ದೊಡ್ಡ ಬಾಟಲಿ. ತಿಂಗಳಿಗೆ ಎರಡು ಮೂರು ಸಲ ಬಗ್ಗಿಸಿ, ಮತ್ತೆ ಮುಚ್ಚಿ ಇಡುತ್ತಿದ್ದೆ. ಬಾಟಲಿ ಅರ್ಧಕ್ಕೆ ಇಳಿಯುವ ಹೊತ್ತಿಗೆ ನಾಲ್ಕು ತಿಂಗಳಾಗಿತ್ತು. ಬೂಷ್ಟಿಲ್ಲ, ಹುಳಿಯಿಲ್ಲ, ಗುಳ್ಳೆಯಿಲ್ಲ. ಆದರೆ ಕಾಫಿಯೂ ಇಲ್ಲ! ಒದ್ದೆ ರಟ್ಟಿನ ವಾಸನೆ, ನಾಲಿಗೆಯ ಮೇಲೆ ಬರೀ ಸಿಹಿ, ಆಮೇಲೆ ಒಣಗಿದ ಒಗರು. "ಮದ್ಯ ಕೆಡುತ್ತದೆಯೇ?" ಎಂದು ಕೇಳುವವರು ಎಡವುವುದು ಇಲ್ಲಿಯೇ. ಮದ್ಯ ಕೆಡಲಿಲ್ಲ. ಕಾಫಿ ಸತ್ತಿತು. ಹುರಿದ ಕಾಫಿಯ ಘಮ ಕೊಡುವ ಗಂಧಕದ ಸಂಯುಕ್ತಗಳು ಬಹಳ ನಾಜೂಕು, ಗಾಳಿ ಸೋಕಿದರೆ ಮೊದಲು ಹೋಗುವುದೇ ಅವು. ಅರ್ಧ ಖಾಲಿ ಬಾಟಲಿಯೆಂದರೆ ಅರ್ಧ ಬಾಟಲಿ ಗಾಳಿ. ಪ್ರತಿ ಸಲ ಮುಚ್ಚಳ ತೆಗೆದಾಗ ಹೊಸ ಗಾಳಿ.

ಅಲ್ಲಿಂದ ಶುರುವಾಯಿತು ಶೀಷೆಗಳ ಹುಚ್ಚು. ಮಾಡಿದ ದಿನವೇ 200 ಮಿ.ಲೀ.ಯ ಕಂದು ಗಾಜಿನ ಶೀಷೆಗಳಿಗೆ ಕತ್ತಿನವರೆಗೆ, ಅಂದರೆ ಮುಚ್ಚಳಕ್ಕೂ ದ್ರವಕ್ಕೂ ಒಂದು ಬೆರಳಿನಷ್ಟು ಮಾತ್ರ ಜಾಗ ಬಿಟ್ಟು ತುಂಬುತ್ತೇನೆ. ಕತ್ತಲ ಕಪಾಟು, ಒಲೆಯಿಂದ ದೂರ. ಮುಚ್ಚಳ ತೆಗೆದ ಶೀಷೆ ಫ್ರಿಜ್ಜಿಗೆ, ಆರು ವಾರದೊಳಗೆ ಖಾಲಿ. ಇಷ್ಟೇ. ಇಷ್ಟಕ್ಕೆ ಎರಡು ಕಡೆಯಿಂದಲೂ ಬೈಸಿಕೊಂಡೆ. ಒಂದು ಪಂಗಡ "ಮದ್ಯವನ್ನ ಯಾರಾದ್ರೂ ಫ್ರಿಜ್ಜಲ್ಲಿ ಇಡ್ತಾರಾ?" ಎಂದರೆ, ಬಾರಿನ ಗೆಳೆಯನ ಪಂಗಡ ಏನು ಮಾಡಿದರೂ ಉಳಿಯುವುದಿಲ್ಲ ಎನ್ನುತ್ತಿತ್ತು. ಶೀಷೆಗಳಿಗೆ ಹಾಕಿದ ದುಡ್ಡು ಆ ಸಲದ ಕಾಫಿಬೀಜಕ್ಕಿಂತ ಹೆಚ್ಚಾಯಿತು ಎನ್ನುವುದು ನಿಜ. ಆದರೆ ಶೀಷೆ ಮತ್ತೆ ಮತ್ತೆ ಬಳಕೆಗೆ ಬರುತ್ತದೆ. ಕುದಿವ ನೀರಲ್ಲಿ ಅದ್ದಿ, ಬೋರಲು ಹಾಕಿ, ಒಂದು ತೇವವೂ ಇಲ್ಲದಂತೆ ಒಣಗಿಸಿ. ಒಳಗೋಡೆಯ ನೀರಿನ ಹನಿಯಲ್ಲಿ ಆಲ್ಕೋಹಾಲ್ ಇರುವುದಿಲ್ಲ. ನನ್ನ ಒಂದು ಶೀಷೆಯಲ್ಲಿ ಕತ್ತಿನ ಬಳಿ ಬೂಷ್ಟು ಕೂತದ್ದು ಅಂಥ ಹನಿ ಇದ್ದ ಜಾಗದಲ್ಲೇ.

ಅಡ್ಡದಾರಿಗಳನ್ನೂ ಹಿಡಿದೆ. ಖಾಲಿ ಜಾಗ ತುಂಬಲು ಗಾಜಿನ ಗೋಲಿ ಹಾಕಿದೆ. ಕೆಲಸ ಮಾಡುತ್ತದೆ, ಆದರೆ ಬಗ್ಗಿಸುವಾಗ ಗೋಲಿ ಬಂದು ಕತ್ತಿಗೆ ಸಿಕ್ಕಿ, ಮೇಜೆಲ್ಲ ಅಂಟು, ಮಾರನೆಯ ದಿನ ಇರುವೆ ಮೆರವಣಿಗೆ. ವೈನಿಗೆ ಬಳಸುವ ಗಾಳಿ ಎಳೆಯುವ ಪಂಪು ಹಾಕಿದೆ. ಗಾಳಿಯ ಜೊತೆ ಘಮವನ್ನೂ ಎಳೆಯುತ್ತದೆ, ಪಂಪು ಹೊಡೆದಾಗ ಅಡುಗೆಮನೆಯೆಲ್ಲ ಕಾಫಿ ವಾಸನೆ. ಆ ಘಮ ಶೀಷೆಯೊಳಗೆ ಇರಬೇಕಿತ್ತಲ್ಲವೇ? ಆರ್ಗಾನ್ ಡಬ್ಬಿ ಚೆನ್ನಾಗಿದೆ. ಗಾಳಿಗಿಂತ ಭಾರದ ಅನಿಲ, ದ್ರವದ ಮೇಲೆ ಹೊದಿಕೆಯಂತೆ ಕೂರುತ್ತದೆ. ಆದರೆ ಆ ಖರ್ಚಿಗೆ ಇನ್ನಷ್ಟು ಸಣ್ಣ ಶೀಷೆ ಬರುತ್ತದೆ ಎಂದು ಬಿಟ್ಟೆ. ಚಂದ ಕಾಣಲೆಂದು ಕ್ರಿಸ್ಟಲ್ ಗಾಜಿನ ಹೂಜಿಯಲ್ಲಿ ಇಟ್ಟದ್ದು ಶುದ್ಧ ಮೂರ್ಖತನ. ಗಾಜಿನ ಬಿರಡೆ ಸರಿಯಾಗಿ ಕೂರದೆ ಆಲ್ಕೋಹಾಲ್ ಆರುತ್ತಿತ್ತು. ಅದಕ್ಕಿಂತ ಮುಖ್ಯ, ಹಳೆಯ ಕ್ರಿಸ್ಟಲ್‌ನಲ್ಲಿ ಸೀಸ ಇರುತ್ತದೆ, ತಿಂಗಳುಗಟ್ಟಲೆ ಮದ್ಯ ಇಟ್ಟರೆ ಅದು ಬಿಟ್ಟುಕೊಳ್ಳುತ್ತದೆ. ಬಡಿಸಲು ಬಳಸಿ, ಇಡಲು ಬೇಡ.

ಕೆನೆ ಹಾಕಿದ್ದರ ಕಥೆ ಬೇರೆಯೇ. ಕೆನೆಯ ಲಿಕ್ಯೂರ್ ಮಾಡುವ ಬೇಲೀಸ್‌ನವರು ಆಲ್ಕೋಹಾಲ್ ಶೇ 17 ಇಟ್ಟುಕೊಂಡು, ತುಂಬಿದ ದಿನದಿಂದ ಎರಡು ವರ್ಷ ರುಚಿಗೆ ಭರವಸೆ ಕೊಡುತ್ತಾರೆ. ಕೆನೆಯನ್ನು ಯಂತ್ರದಲ್ಲಿ ಅಷ್ಟು ನುಣ್ಣಗೆ ಒಡೆದು ಆಲ್ಕೋಹಾಲ್ ಜೊತೆ ಬೆರೆಸಿರುತ್ತಾರೆ. ನಮ್ಮ ಮಿಕ್ಸಿಯಿಂದ ಅದು ಸಾಧ್ಯವಿಲ್ಲ. ನಾನು ಮಾಡಿದ್ದು ಫ್ರಿಜ್ಜಲ್ಲಿ ಎರಡು ವಾರ ಬಂತು, ಮೂರನೇ ವಾರ ಬಾಯಿಗೆ ಬೆಣ್ಣೆಯ ಬಿರಡೆ ಕಟ್ಟಿತು. ಕುಲುಕಿದೆ, ಬಗ್ಗಿಸಿದೆ, ಮೊಸರು ಒಡೆದಂತೆ ಹರಳು ಹರಳು. ಕೆನೆಯದ್ದು ಗಂಟು ಕಟ್ಟಿದರೆ, ಹುಳಿ ನಾತ ಬಂದರೆ ರುಚಿ ನೋಡುವ ಧೈರ್ಯ ಬೇಡ, ಎಸೆಯಿರಿ.

ಕೆಟ್ಟದ್ದನ್ನು ಕಂಡುಹಿಡಿಯುವುದು ಹೇಗೆ? ಕೆನೆಯಿಲ್ಲದ್ದನ್ನು ಶೀಷೆಯಿಂದಲೇ ಮೂಸಿದರೆ ಏನೂ ತಿಳಿಯುವುದಿಲ್ಲ. ಆಲ್ಕೋಹಾಲ್ ಮೂಗನ್ನು ಸುಡುತ್ತದೆ, ಸಕ್ಕರೆ ನಾಲಿಗೆಯ ಕಣ್ಣು ಕಟ್ಟುತ್ತದೆ. ನಾನು ಮಾಡುವುದು ಹೀಗೆ: ಬಿಳಿ ಪಿಂಗಾಣಿ ಬಟ್ಟಲಿಗೆ ಒಂದು ಚಮಚ ಲಿಕ್ಯೂರ್, ಮೇಲೆ ಮೂರು ಚಮಚ ಬಿಸಿನೀರು. ಒಂದು ನಿಮಿಷ ಬಿಡಬೇಕು. ಮೊದಲ ಆವಿಯಲ್ಲಿ ಆಲ್ಕೋಹಾಲ್‌ನ ಘಾಟು ಇಳಿಯುತ್ತದೆ, ಎರಡನೆಯ ಸಲ ಮೂಸಿದಾಗ ನಿಜ ಹೊರಬೀಳುತ್ತದೆ. ಹಳೆಯ ಎಣ್ಣೆಯ ಕಮಟು ಇದ್ದರೆ ಅಲ್ಲಿ ಸಿಕ್ಕೇ ಸಿಗುತ್ತದೆ. ಬಟ್ಟಲನ್ನು ಬೆಳಕಿಗೆ ಓರೆ ಹಿಡಿದರೆ ಮೇಲೆ ಸೂಜಿಮೊನೆಯಷ್ಟು ಎಣ್ಣೆಚುಕ್ಕಿಗಳೂ ಕಾಣುತ್ತವೆ. ಲೋಹದ ಜಾಲರಿಯಲ್ಲಿ ಸೋಸಿದ ಡಿಕಾಕ್ಷನ್‌ನಲ್ಲಿ ಈ ಎಣ್ಣೆ ಹೆಚ್ಚು, ಪೇಪರ್ ಫಿಲ್ಟರ್ ಬಹುಪಾಲು ಹಿಡಿದಿಡುತ್ತದೆ. ಈಗ ಎರಡು ಸಲ ಪೇಪರಲ್ಲಿ ಸೋಸುತ್ತೇನೆ. ತಾಳ್ಮೆ ಕೆಡುತ್ತದೆ, ರಾತ್ರಿಯಿಡೀ ತೊಟ್ಟಿಕ್ಕುತ್ತದೆ.

ಆದರೂ ಮೂಗಿಗೆ ನೆನಪಿನ ಶಕ್ತಿ ಕಡಿಮೆ. ಆರು ತಿಂಗಳ ಹಿಂದೆ ಹೇಗಿತ್ತು ಎನ್ನುವುದನ್ನು ಯಾರು ಹೇಳಬೇಕು? ಅದಕ್ಕೆ ಪ್ರತಿ ಸಲ ಮಾಡಿದಾಗಲೂ 30 ಮಿ.ಲೀ.ಯ ಒಂದು ಪುಟಾಣಿ ಶೀಷೆ ಫ್ರೀಜರಿಗೆ ಹೋಗುತ್ತದೆ. ಅದಕ್ಕೆ ನಾನಿಟ್ಟ ಹೆಸರು ಸಾಕ್ಷಿ. ಈ ಆಲ್ಕೋಹಾಲು, ಈ ಸಕ್ಕರೆಗೆ ಮನೆಯ ಫ್ರೀಜರಿನ ಮೈನಸ್ 18ರಲ್ಲೂ ಅದು ಕಲ್ಲಾಗುವುದಿಲ್ಲ, ಜೇನಿನಂತೆ ದಪ್ಪವಾಗುತ್ತದೆ ಅಷ್ಟೆ. ಅನುಮಾನ ಬಂದಾಗ ಸಾಕ್ಷಿಯಿಂದ ಒಂದು ಚಮಚ, ಕಪಾಟಿನದ್ದು ಒಂದು ಚಮಚ, ಎರಡಕ್ಕೂ ಬಿಸಿನೀರು. ಪಕ್ಕಪಕ್ಕ ಇಟ್ಟಾಗ ಮೂಗು ಸುಳ್ಳು ಹೇಳುವುದಿಲ್ಲ.

ಸುಮ್ಮನೆ ಹೆದರಿ ಎಸೆಯುವವರೂ ಇದ್ದಾರೆ. ನಾನೇ ಒಂದು ಸಲ ಒಳ್ಳೆಯ ಮಾಲು ಎಸೆದಿದ್ದೇನೆ. ತಳದಲ್ಲಿ ಕಂದು ಗಸಿ ಕೂತರೆ ಅದು ಕಾಫಿಯ ನುಣುಪು ಪುಡಿ, ಕುಲುಕಿದರೆ ಬೆರೆಯುತ್ತದೆ. ಮುಚ್ಚಳದ ಎಳೆಗಳಲ್ಲಿ ಬಿಳಿ ಪುಡಿ ಕಂಡರೆ ಸಕ್ಕರೆ ಹರಳುಗಟ್ಟಿದ್ದು, ಬಿಸಿನೀರ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ, ಬೂಷ್ಟಾದರೆ ನಯವಾದ ರೋಮದಂತೆ ಇರುತ್ತದೆ. ಕಾಲ ಕಳೆದಂತೆ ಕಾಫಿಯ ಹುಳಿ ತುಸು ಏರುವುದೂ ಸಹಜ. ವಿನೆಗರ್‌ನಂತೆ ಮೂಗಿಗೆ ಚುಚ್ಚುವ ಹುಳಿ, ಲೋಳೆ, ಮುಚ್ಚಳದಡಿ ಒತ್ತಡ, ಮೇಲೆ ಪೊರೆ: ಇವುಗಳಲ್ಲಿ ಯಾವೊಂದು ಇದ್ದರೂ ನಾನು ಲೆಕ್ಕ ಹಾಕುತ್ತ ಕೂರುವುದಿಲ್ಲ, ಸುರಿಯುತ್ತೇನೆ. ಬರೀ ಘಮ ಸತ್ತಿದ್ದರೆ ಎಸೆಯಬೇಕಿಲ್ಲ, ಚಾಕೊಲೇಟ್ ಕೇಕಿನ ಹಿಟ್ಟಿಗೆ ಹಾಕಿ. ಯಾರಿಗೂ ತಿಳಿಯುವುದಿಲ್ಲ.

ಡಿಕಾಕ್ಷನ್ ಇಳಿಸುವಾಗ ನಾನು ಇನ್ನೂ ಒಂದು ಕೆಲಸ ಮಾಡುತ್ತೇನೆ. ಹದಿನಾಲ್ಕು ತಿಂಗಳು ಎಳೆದದ್ದರಲ್ಲಿ ಅದರ ಪಾಲೂ ಇದೆ ಎಂದು ನನ್ನ ನಂಬಿಕೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಪಂದ್ಯ ಸೋತವನು ಮೊನ್ನೆ ಫೋನ್ ಮಾಡಿ "ಆ ಕಂದು ಶೀಷೆ ಎಷ್ಟು ಸೈಜು ಅಂದೆ?" ಎಂದು ಕೇಳಿದ. ಅವನಿಗೂ ಶೀಷೆಯ ಅಳತೆ ಮಾತ್ರ ಹೇಳಿದ್ದೇನೆ.