2000ದ ಮಿತಿ, 514ರ ಎಡವಟ್ಟು

ಪುಣೆಯ ಹಿಂಜವಡಿ ಕಚೇರಿಯ ಆಕ್ಟಿವ್ ಡೈರೆಕ್ಟರಿ, ಅಂದರೆ ಬಳಕೆದಾರರ ಖಾತೆಗಳನ್ನು ನಿರ್ವಹಿಸುವ ಮೈಕ್ರೋಸಾಫ್ಟ್ ವ್ಯವಸ್ಥೆ. ಒಂದೇ ಓಯುನಲ್ಲಿ (ಖಾತೆಗಳನ್ನು ಗುಂಪು ಮಾಡುವ ಫೋಲ್ಡರ್) 2600 ಬಳಕೆದಾರರಿದ್ದರೂ 'ಯೂಸರ್ಸ್ ಅಂಡ್ ಕಂಪ್ಯೂಟರ್ಸ್' ಕನ್ಸೋಲಿನಲ್ಲಿ ಕೆಲವು ಹೆಸರುಗಳೇ ಕಾಣುತ್ತಿರಲಿಲ್ಲ. ಖಾತೆ ಅಳಿಸಿಹೋಗಿದೆಯೆಂದು ಗಾಬರಿಯಾಗಬೇಕಿಲ್ಲ. ಈ ಕನ್ಸೋಲ್ ಡೀಫಾಲ್ಟ್ ಆಗಿ ಒಂದು ಫೋಲ್ಡರಿಗೆ 2000 ಐಟಂ ಮಾತ್ರ ತೋರಿಸುತ್ತದೆ. ವ್ಯೂ ಮೆನುವಿನ ಫಿಲ್ಟರ್ ಆಪ್ಷನ್ಸ್‌ಗೆ ಹೋಗಿ ಅದನ್ನು 5000 ಮಾಡಿದೆ, ಎಲ್ಲರೂ ಬಂದರು. ಲೋಡ್ ಆಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಅಷ್ಟೇ.

ನಿಜವಾದ ತಲೆನೋವು ನಿಷ್ಕ್ರಿಯ ಖಾತೆಗಳ ಪಟ್ಟಿ. ಖಾತೆಯ ಸ್ಥಿತಿಗಳನ್ನೆಲ್ಲ ಒಂದೇ ಸಂಖ್ಯೆಯಲ್ಲಿ ಕೂಡಿಸಿಡುವ 'ಯೂಸರ್ ಅಕೌಂಟ್ ಕಂಟ್ರೋಲ್' 514ಕ್ಕೆ ಸಮ ಎಂದು ಎಲ್‌ಡ್ಯಾಪ್ (ಡೈರೆಕ್ಟರಿಯಲ್ಲಿ ಹುಡುಕುವ ಭಾಷೆ) ಫಿಲ್ಟರ್ ಬರೆದರೆ ಅರ್ಧಂಬರ್ಧ ಫಲಿತಾಂಶವೇ. 514 ಎಂದರೆ ಸಾಮಾನ್ಯ ಖಾತೆಯ 512 ಮತ್ತು ನಿಷ್ಕ್ರಿಯದ 2. 'ಪಾಸ್‌ವರ್ಡ್ ಎಂದೂ ಮುಗಿಯದು' ಎಂದು ಟಿಕ್ ಹಾಕಿದ್ದರೆ 65536 ಕೂಡಿ 66050 ಆಗುತ್ತದೆ, ಫಿಲ್ಟರಿನಿಂದ ಜಾರಿಹೋಗುತ್ತದೆ. ಆದ್ದರಿಂದ ಸಮ ಚಿಹ್ನೆಗೆ ಮೊದಲು 1.2.840.113556.1.4.803 ನಿಯಮವನ್ನು ಎರಡೂ ಬದಿ ಕೋಲನ್ ಇಟ್ಟು ಸೇರಿಸಿ, ಮೌಲ್ಯ 2 ಕೊಡಬೇಕು. ಆಗ ನಿಷ್ಕ್ರಿಯದ ಆ ಒಂದು ಬಿಟ್ ಮಾತ್ರ ನೋಡುತ್ತದೆ.

ಈ ಫಿಲ್ಟರನ್ನು ಅದೇ ಕನ್ಸೋಲಿನ ಸೇವ್ಡ್ ಕ್ವೆರೀಸ್‌ನಲ್ಲಿ ಇಟ್ಟೆ. ಅದು ಆ ಯಂತ್ರದಲ್ಲೇ ಉಳಿಯುತ್ತದೆ. ಸಹೋದ್ಯೋಗಿಗೆ ಬೇಕಾದರೆ ಎಕ್ಸ್‌ಎಂಎಲ್ ಆಗಿ ಎಕ್ಸ್‌ಪೋರ್ಟ್ ಮಾಡಿ ಕೊಡಿ.