ಅತಿಥಿಯ ಎದುರು ಸಿಟ್ಟು ಬಂದಾಗ

ಚಿಕ್ಕಮಗಳೂರಿನ ಹೋಂಸ್ಟೇಗಳಲ್ಲಿ ಶನಿವಾರ ಸಂಜೆ ಅತಿಥಿಗಳನ್ನು ಬರಮಾಡಿಕೊಳ್ಳುವವರಿಗೆ ಕೋಣೆಯ ಬೀಗದಕೈ ಕೊಡುವುದಷ್ಟೇ ಕೆಲಸವಲ್ಲ. ಮುಳ್ಳಯ್ಯನಗಿರಿಯ ದಾರಿಯಲ್ಲಿ ವಾಹನಗಳ ಸಾಲಿಗೆ ಸಿಕ್ಕಿ ಬಂದವರ ಸಿಡುಕನ್ನು ನಗುಮೊಗದಿಂದ ಕೇಳಿಸಿಕೊಳ್ಳುವುದೂ ಕೆಲಸವೇ. ಇದನ್ನು ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ಭಾವನಾತ್ಮಕ ದುಡಿಮೆ ಎಂದು ವಿವರಿಸಿ, ಎರಡು ಬಗೆಗಳನ್ನು ಗುರುತಿಸಿದರು: ಒಳಗಿನ ಸಿಟ್ಟನ್ನು ಹಾಗೆಯೇ ಇಟ್ಟುಕೊಂಡು ಮುಖವನ್ನಷ್ಟೇ ಬದಲಿಸುವುದು ಒಂದು, ಭಾವವನ್ನೇ ಬದಲಿಸಲು ಯತ್ನಿಸುವುದು ಇನ್ನೊಂದು. ಹೆಚ್ಚು ದಣಿಸುವುದು ಮೊದಲನೆಯದು.

ಬೇಗ ಕಳವಳಗೊಳ್ಳುವ ಸ್ವಭಾವದವರು ಸಾಮಾನ್ಯವಾಗಿ ಮುಖವಾಡವನ್ನೇ ಹೆಚ್ಚು ನೆಚ್ಚುತ್ತಾರೆ. ಸ್ವಭಾವ ಸುಲಭವಾಗಿ ಬದಲಾಗದು. ಭಾವನೆಯನ್ನು ಗುರುತಿಸುವುದನ್ನು ಮಾತ್ರ ಕಲಿಯಬಹುದು.

‘ಬಿಸಿನೀರು ಇನ್ನೂ ಬಂದಿಲ್ಲ’ ಎಂದು ಯಾರಾದರೂ ಮೇಜು ಕುಟ್ಟಿದಾಗ, ಉತ್ತರಿಸುವ ಮುನ್ನ ಒಂದು ಉಸಿರಿನಷ್ಟು ತಡೆದು, ನಿಮ್ಮೊಳಗೆ ಎದ್ದದ್ದು ಸಿಟ್ಟೋ, ಅವಮಾನವೋ, ಬರಿಯ ಹಸಿವೋ ಎಂದು ಮನಸ್ಸಿನಲ್ಲೇ ಹೆಸರಿಸಿ. (ಮಧ್ಯಾಹ್ನದ ಊಟ ತಪ್ಪಿದ್ದೇ ಎಷ್ಟೋ ಜಗಳಗಳ ಮೂಲ ಎಂಬುದು ನನ್ನ ಅನಿಸಿಕೆ.) ಬಳಿಕ ಅವರ ಕಡೆಯಿಂದ ನೋಡಿ: ದಿನವಿಡೀ ಪ್ರಯಾಣ, ನಿದ್ದೆಗೆ ಅಳುವ ಮಗು, ನಲ್ಲಿಯಲ್ಲಿ ತಣ್ಣೀರು. ಹೀಗೆ ನೋಡಿದ ಮೇಲೆ, ‘ತಪ್ಪಾಯಿತು ಸರ್, ಹಂಡೆಗೆ ಈಗಷ್ಟೇ ಉರಿ ಹಾಕಿದ್ದಾರೆ, 20 ನಿಮಿಷ ಬೇಕು, ಅಷ್ಟರಲ್ಲಿ ಕಾಫಿ ಕಳಿಸುತ್ತೇನೆ’ ಎಂಬ ಮಾತು ನಟನೆಯಿಲ್ಲದೆ ಬರುತ್ತದೆ.

ಬೈಗುಳವನ್ನು ಮಾತ್ರ ಹೀಗೆ ಅರ್ಥಮಾಡಿಕೊಳ್ಳುತ್ತ ಕೂರಬೇಕಾಗಿಲ್ಲ, ಯಜಮಾನರನ್ನು ಕರೆಯಿರಿ. ಅವರೂ ಅಂಥ ಸಂಜೆಯ ನಂತರ ಕೆಲಸದವರನ್ನು ಹತ್ತು ನಿಮಿಷ ಹಿತ್ತಲಿಗೆ ಕಳಿಸಿ, ಅಷ್ಟು ಹೊತ್ತು ಮೇಜಿನ ಬಳಿ ತಾವೇ ನಿಲ್ಲಬೇಕು.