ನಾರು ಹೆಚ್ಚಿಸುವುದು ಹೀಗೆ, ಅವಸರ ಮಾತ್ರ ಬೇಡ

‘ನಾರು ತಿಂದರೆ ಕರುಳಿನ ಕ್ಯಾನ್ಸರ್ ದೂರ’ ಅಂತ ವಾಟ್ಸ್ಆ್ಯಪ್‌ನಲ್ಲಿ ಓದಿದ ನಮ್ಮ ಭಾವ ಸೋಮವಾರದಿಂದಲೇ ಎರಡು ಹೊತ್ತು ಮುದ್ದೆ, ಹುರುಳಿಸಾರು, ಮೇಲೊಂದು ಬಟ್ಟಲು ಮೊಳಕೆಕಾಳು ಶುರು ಮಾಡಿದರು. ಬುಧವಾರ ಹೊಟ್ಟೆ ತಮಟೆಯಾಯಿತು. ಗುರುವಾರ ‘ನನಗೆ ನಾರು ಒಗ್ಗಲ್ಲ’ ಎಂದು ತೀರ್ಪು ಕೊಟ್ಟು ಬಿಳಿ ಅನ್ನಕ್ಕೆ ಮರಳಿದರು. ಇಂಥವರನ್ನು ಬೇಕಾದಷ್ಟು ನೋಡಿದ್ದೇನೆ. ಕೆಟ್ಟದ್ದು ನಾರಿನಿಂದಲ್ಲ, ಅವಸರದಿಂದ.

ನಾರನ್ನು ಅರಗಿಸುವ ಶಕ್ತಿ ನಮಗಿಲ್ಲ, ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಗಿದೆ. ಅವು ಅದನ್ನು ಹುದುಗಿಸಿ ಬ್ಯುಟಿರೇಟ್ ಎಂಬ ಆಮ್ಲ ಮಾಡುತ್ತವೆ. ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಊಟ, ಉರಿಯೂತ ತಣಿಸುವುದೂ ಅದೇ. ನಾರು ಸಿಗದೆ ಹಸಿದ ಬ್ಯಾಕ್ಟೀರಿಯಾ ಕರುಳಿನ ರಕ್ಷಣೆಗಿರುವ ಲೋಳೆಯನ್ನೇ ಮೇಯುವುದು ಇಲಿಗಳಲ್ಲಿ ಕಂಡಿದೆ. ವರ್ಷಗಟ್ಟಲೆ ಆರದ ಉರಿಯೂತ ಕ್ಯಾನ್ಸರ್‌ಗೆ ನೆಲ ಹದಮಾಡುತ್ತದೆ. 2015ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆಫ್ರಿಕನ್ ಮೂಲದ ಅಮೆರಿಕನ್ನರಿಗೂ ದಕ್ಷಿಣ ಆಫ್ರಿಕಾದ ಹಳ್ಳಿಗರಿಗೂ ಎರಡು ವಾರ ಊಟ ಅದಲುಬದಲು ಮಾಡಿದರು. ನಾರು ಹೆಚ್ಚಿದವರ ಕರುಳಿನ ಉರಿಯೂತ ತಗ್ಗಿತು, ಕೊಬ್ಬು-ಮಾಂಸದ ಊಟಕ್ಕೆ ಹೋದ ಹಳ್ಳಿಗರದು ಏರಿತು. ಎರಡು ವಾರದಲ್ಲಿ ಕ್ಯಾನ್ಸರ್ ಲೆಕ್ಕ ಸಿಗದು ನಿಜ, ಆದರೂ ಅಷ್ಟು ಬೇಗ ಬದಲಾಗುತ್ತದಲ್ಲ!

ಮೊದಲ ಹೆಜ್ಜೆ: ಜರಡಿ ಅಟ್ಟಕ್ಕೆ ಹಾಕಿ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಹಿಟ್ಟನ್ನು ಮೈದಾದಂತೆ ಸೋಸಿ ತೌಡನ್ನು ಹಸುವಿಗೆ ಹಾಕಿದರೆ ಆರೋಗ್ಯ ಹಸುವಿಗೆ.

ಎರಡನೆಯದೇ ಎಲ್ಲರೂ ಎಡವುವ ಹೆಜ್ಜೆ, ನಿಧಾನ ಓದಿ. ಒಂದು ವಾರಕ್ಕೆ ಒಂದೇ ಬದಲಾವಣೆ. ಮೊದಲ ವಾರ ರಾತ್ರಿಯ ಅನ್ನ ಅರ್ಧ ಮಾಡಿ, ಆ ಜಾಗಕ್ಕೆ ಹುರುಳಿಕಾಯಿಯದೋ ಸೊಪ್ಪಿನದೋ ಪಲ್ಯ ಬಡಿಸಿಕೊಳ್ಳಿ. ಅಷ್ಟೇ, ಆಸೆಪಡಬೇಡಿ. ಎರಡನೇ ವಾರ ಕಾಳು, ದಿನಕ್ಕೆ ಎರಡೇ ಚಮಚ. ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಬೇಯಿಸಿ. ‘ಸತ್ವವೆಲ್ಲ ಅದರಲ್ಲೇ ಇದೆ’ ಎಂದು ಅತ್ತೆ ಬೈದರೂ ಚೆಲ್ಲಿ, ಗ್ಯಾಸ್ ಎಬ್ಬಿಸುವ ಸಕ್ಕರೆಯ ಒಂದು ಪಾಲೂ ಅದರಲ್ಲೇ ಇದೆ. ಬೆಂದ ಕಾಳನ್ನು ಎರಡು ಬೆರಳ ನಡುವೆ ಒತ್ತಿ ನೋಡಿ. ಬೆಣ್ಣೆಯಂತೆ ಹಿಸುಕಬೇಕು, ನಡುವೆ ಗಟ್ಟಿ ತಾಕಿದರೆ ಇನ್ನೆರಡು ಸೀಟಿ. ಮೂರನೇ ವಾರ ಅರ್ಧ ಮುದ್ದೆ, ಒಂದೇ ಹೊತ್ತು. ಪ್ರತಿ ಬದಲಾವಣೆಯ ಜೊತೆ ಒಂದು ಲೋಟ ನೀರು ಹೆಚ್ಚಲಿ. ನೀರಿಲ್ಲದ ನಾರು ಒಳಗೇ ಗಟ್ಟಿಯಾಗಿ ಕೂರುತ್ತದೆ. ಹೊಟ್ಟೆ ಉಬ್ಬಿತೋ, ಪೂರ್ತಿ ಬಿಟ್ಟುಬಿಡಬೇಡಿ. ಹಿಂದಿನ ವಾರದ ಅಳತೆಗೆ ಇಳಿದು ನಾಲ್ಕು ದಿನ ನಿಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ ಕನಿಷ್ಠ 25 ಗ್ರಾಂ. ಅಲ್ಲಿಗೆ ಮುಟ್ಟಲು ಎರಡು ತಿಂಗಳಾದರೂ ಪರವಾಗಿಲ್ಲ. ಕರುಳಿನ ಆಪರೇಷನ್ ಆದವರು, ಕ್ರೋನ್ಸ್‌ನಂಥ (ಕರುಳಿನಲ್ಲಿ ದೀರ್ಘಕಾಲ ಉರಿಯೂತ ಉಳಿಯುವ) ಕಾಯಿಲೆಯವರು ಮಾತ್ರ ಮೊದಲು ವೈದ್ಯರನ್ನು ಕೇಳಿ.

‘ಡೈಜೆಸ್ಟಿವ್’ ಬಿಸ್ಕತ್ತಿನಲ್ಲಿ ನಾರು ಸಿಕ್ಕೀತೆಂದು ಕಾಯಬೇಡಿ. ಪ್ಯಾಕೆಟ್ಟಿನ ಹಿಂದೆ ಮೊದಲ ಹೆಸರೇ ಮೈದಾ ಇದ್ದರೆ ಅಂಗಡಿಯಲ್ಲೇ ಬಿಟ್ಟುಬನ್ನಿ. ಅರಿಶಿನದ ಕ್ಯಾಪ್ಸೂಲಂತೂ ಬೇಡವೇ ಬೇಡ. ಸಾರಿಗೆ ಚಿಟಿಕೆ ಅರಿಶಿನ ಸಾಕು, ಸಾಂದ್ರ ಮಾತ್ರೆಗಳಿಂದ ಲಿವರ್ ಕೆಡಿಸಿಕೊಂಡವರಿದ್ದಾರೆ.

ಮೂರನೇ ಹೆಜ್ಜೆ: ಸಾಸೇಜ್, ಬೇಕನ್, ಸಲಾಮಿ ಬಿಡಿ. ದಿನಕ್ಕೆ 50 ಗ್ರಾಂ ಇಂಥ ಸಂಸ್ಕರಿತ ಮಾಂಸ ತಿಂದರೆ ಕರುಳಿನ ಕ್ಯಾನ್ಸರ್ ಅಪಾಯ ಶೇ 18ರಷ್ಟು ಏರುತ್ತದೆಂದು 2015ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೇಳಿತು. ನೂರರಲ್ಲಿ 18 ಜನಕ್ಕೆ ಬರುತ್ತದೆ ಎಂದಲ್ಲ, ಈಗಿರುವ ಅಪಾಯದ ಮೇಲೆ ಅಷ್ಟು ಪಾಲು ಹೆಚ್ಚು. ಭಾನುವಾರದ ಮಟನ್ ಸಾರು ಬಿಡಿ ಅನ್ನಲಾರೆ, ದಿನಾ ಬೇಡ.

ನಾಲ್ಕನೆಯದು: ಕುಡಿತ ಕಡಿಮೆ ಮಾಡಿ, ಬಿಟ್ಟರೆ ಇನ್ನೂ ಒಳ್ಳೆಯದು.

ಮಲದಲ್ಲಿ ರಕ್ತ ಕಂಡರೆ, ಮಲವಿಸರ್ಜನೆಯ ರೂಢಿ ವಾರಗಟ್ಟಲೆ ಏರುಪೇರಾದರೆ ‘ಮೂಲವ್ಯಾಧಿ ಬಿಡು’ ಎಂದುಕೊಂಡು ಮುದ್ದೆಯಲ್ಲಿ ವಾಸಿಮಾಡಿಕೊಳ್ಳಲು ಹೋಗಬೇಡಿ. ವೈದ್ಯರ ಬಳಿ ಹೋಗಿ. ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳಿನ ಒಳಗನ್ನು ನೋಡುವ ಕೊಲೊನೊಸ್ಕೋಪಿ ಮಾಡಿಸಿ ಎಂದು ಅವರು ಹೇಳಿದರೆ ಮಾಡಿಸಿ.

ಭಾವ ಮತ್ತೆ ಶುರು ಮಾಡಿದ್ದಾರೆ, ಈಗ ಎರಡನೇ ವಾರ. ನಿನ್ನೆ ನಾಲ್ಕು ಚಮಚ ಅಲಸಂದೆ ಕೇಳಿದರಂತೆ, ಅಕ್ಕ ಎರಡೇ ಬಡಿಸಿದಳು.